ಕೈ ನನ್ನದಲ್ಲವೆಂದು ಬರೆದುಕೊಟ್ಟದ್ದು

ಅಜ್ಜಿಗೆ ದುಬೈಗೆ ಬರುವ ಮನಸ್ಸಿರಲಿಲ್ಲ ಎಂದು ನಿಮಗೆ ಹೇಳಿದ್ದಾರೆ. ನೀವಿಬ್ಬರೂ ಫೋನಿನಲ್ಲಿ ಕೇಳಿದಾಗ ನಾನೂ ಹೌದೆಂದೇ ಹೇಳಿದ್ದೇನೆ. ಅದು ಸುಳ್ಳು. ಮನಸ್ಸು ಬಹಳ ಇತ್ತು. ಪಾಸ್‌ಪೋರ್ಟ್ ಮಾಡಿಸಿದ್ದೆ. ಈಗಲೂ ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇದೆ, ಒಂದು ಠಸ್ಸೆಯೂ ಬೀಳದೆ ಹೊಸದಾಗಿಯೇ ಇದೆ.

ಪುಣೆಯ ಹಡಪಸರದಲ್ಲಿ ನಿಮ್ಮ ಸೋದರತ್ತೆಯ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಸಿಂದಗಿಯ ಕಡೆಯ ನಮ್ಮೂರ ಕನ್ನಡ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಮದುವೆಯಾಗಿ ಪುಣೆಗೆ ಬಂದ ಮೇಲೆ ಭೋಸರಿಯ ಎರಡು ಕೋಣೆಯ ಮನೆಯಲ್ಲಿ ಮೂವತ್ತಕ್ಕಿಂತ ಹೆಚ್ಚು ವರ್ಷ ಕಳೆದೆ. ನಿಮ್ಮ ಅಜ್ಜ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಹೊರಗೆ ಎಲ್ಲರೂ ಮರಾಠಿಯವರು. ನನಗೆ ಮರಾಠಿ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ತಪ್ಪಾಡಿದರೆ ನಕ್ಕಾರು ಎಂದು ಭಾಜಿ ಮಾರ್ಕೆಟ್ಟಿನಲ್ಲಿ ಬೆರಳು ತೋರಿಸಿ ಕೊಳ್ಳುತ್ತಿದ್ದೆ. ನನ್ನ ಮದುವೆಯ ಫೋಟೋದಲ್ಲಿ ಮುಖವೇ ಇಲ್ಲ, ನೆತ್ತಿ ಮಾತ್ರ ಇದೆ. ಅಷ್ಟು ತಲೆ ತಗ್ಗಿಸಿದ್ದೆ. ಇದನ್ನು ನಿಮಗೆ ಹೇಳಬೇಕಾಗಿದೆ, ಏಕೆಂದರೆ ಮುಂದಾದದ್ದಕ್ಕೆಲ್ಲ ಈ ನಾಚಿಕೆಯೇ ದಾರಿ ಮಾಡಿಕೊಟ್ಟಿತು.

ನಿಮ್ಮವ್ವ ಹುಬ್ಬಳ್ಳಿಯವಳು, ಡಿಗ್ರಿ ಮಾಡಿದವಳು. ನೀವು ಸಣ್ಣವರಿದ್ದಾಗ ನೌಕರಿಗೆ ಹೋಗಲಾಗದೆ ಮನೆಯಲ್ಲಿ ಕುಳಿತು ವಿಡಿಯೋ ಮಾಡಲು ಶುರುಮಾಡಿದಳು. ಮೊದಲು ತನ್ನ ಸೀರೆಗಳನ್ನು ತೋರಿಸಿದಳು. ಆಮೇಲೆ ಮುಖಕ್ಕೆ ಹಚ್ಚಿಕೊಳ್ಳುವ ಕ್ರೀಮುಗಳನ್ನು ತೋರಿಸಿದಳು. ಯಾರೂ ನೋಡಲಿಲ್ಲ. ಒಂದು ಮುಂಜಾನೆ ನಾನು ಪರಾತದಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಹಿಂದಿನಿಂದ ಬಂದು ಫೋನು ಹಿಡಿದಳು.

"ಅತ್ತೀ, ಹಂಗ ಇರ್ರಿ. ಅಳ್ಳಾಡಬ್ಯಾಡ್ರಿ."

"ಅಳ್ಳಾಡದ ರೊಟ್ಟಿ ಹ್ಯಾಂಗ ಬಡೀಲೆವ್ವಾ?"

ಅವಳು ನಕ್ಕಳು. ಆಗ ನಮ್ಮಿಬ್ಬರ ನಡುವೆ ನಗು ಇತ್ತು. ಮುಖ ಬರುತ್ತದೆಂದು ತಿಳಿದಾಗ ನಾನು ಸೆರಗು ಎಳೆದುಕೊಂಡೆ. "ಮಾರಿ ಬ್ಯಾಡವಾ, ಕೈ ಬೇಕಾದ್ರ ತಗೋ" ಎಂದೆ. ಆ ಮಾತು ನನ್ನದೇ. ಯಾರೂ ನನ್ನ ಬಾಯಿಗೆ ಇಟ್ಟದ್ದಲ್ಲ.

ಆ ವಿಡಿಯೋವನ್ನು ಜನ ನೋಡಿದರಂತೆ. ಮರುದಿನ ಮತ್ತೊಂದು, ಅದರ ಮರುದಿನ ಇನ್ನೊಂದು. ಎಣ್ಣೆಗಾಯಿ, ಜುಣಕ, ಶೇಂಗಾ ಹಿಂಡಿ, ಹುರಕ್ಕಿ ಹೋಳಿಗೆ. ಅಡುಗೆ ನನ್ನದು, ಕೈ ನನ್ನದು. ಮಾತು ನಿಮ್ಮವ್ವ ಆಮೇಲೆ ಸೇರಿಸುತ್ತಿದ್ದಳು. "ನಮ್ಮನಿಯೊಳಗ ಹಿಂಗ ಮಾಡ್ತೀವಿ ನೋಡ್ರಿ" ಎಂದು ಶುರುವಾಗುತ್ತಿತ್ತು.

ತಿಂಗಳೊಳಗೆ ನೋಡುವವರ ಮಾತುಗಳು ಬರತೊಡಗಿದವು. ನಿಮ್ಮಪ್ಪ ಊಟಕ್ಕೆ ಕೂತಾಗ ಓದಿ ಹೇಳುತ್ತಿದ್ದ. ರೊಟ್ಟಿ ಚಂದ, ಹಿಂಡಿ ಚಂದ ಎಂದು ಓದುತ್ತಾ ಬಂದವನು ಒಂದು ದಿನ ಫೋನನ್ನು ಮಗುಚಿ ಇಟ್ಟ. ಏನಪ್ಪಾ ಎಂದರೆ ಹೇಳಲಿಲ್ಲ. ನಿಮ್ಮವ್ವನೇ ಹೇಳಿದಳು: "ಕೈ ಯಾಕ ಬೋಳ ಅದಾವ ಅಂತ ಕೇಳ್ತಾರ್ರಿ ಅತ್ತಿ. ಬಳಿ ಸಪ್ಪಳ ಇದ್ರ ಇನ್ನೂ ಚಂದ ಅಂತ."

ನಿಮ್ಮ ಅಜ್ಜ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ನಮ್ಮ ಕಡೆ ಗಂಡ ಹೋದವಳು ಬಂಗಾರದ್ದೋ ತಾಮ್ರದ್ದೋ ಒಂದು ಬಳೆ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಹಸಿರು ಗಾಜಿನ ಬಳೆ ಮಾತ್ರ ಮುತ್ತೈದೆಯದು. ಅದನ್ನು ತೊಡುವ ಹಾಗಿಲ್ಲ. ಹುಬ್ಬಳ್ಳಿಯವಳಾದ ನಿಮ್ಮವ್ವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಆ ಶನಿವಾರ ತುಳಶಿಬಾಗಿನ ಪೇಟೆಗೆ ಹೋಗಿ ಎರಡು ಡಜನ್ ಹಸಿರು ಬಳೆ ತಂದಳು. ನಾನು ಮುಟ್ಟಲಿಲ್ಲ. ನಿಮ್ಮಪ್ಪ ಗೋಡೆಯ ಕಡೆ ನೋಡುತ್ತಾ ಅಂದ: "ಅವ್ವಾ, ಕೈ ಅಷ್ಟ ಕಾಣತಾವ. ನಿನ್ನೂವು ಅಂತ ಯಾರಿಗೆ ಗೊತ್ತಾಗ್ತದ?"

ಎರಡು ದಿನ ತಡೆದೆ. ಮೂರನೆಯ ದಿನ ತೊಟ್ಟೆ. ಒಂದೇ ಮಾತು ಕೇಳಿಕೊಂಡಿದ್ದೆ, ಅಳತೆ ದೊಡ್ಡದಿರಲಿ ಎಂದು. ತೆಗೆಯುವಾಗ ಒಂದೂ ಒಡೆಯಬಾರದು. ಹಾಗಾಗಿ ನಿಮ್ಮವ್ವ ಅವನ್ನು ಒಯ್ದು ದೊಡ್ಡ ಅಳತೆಯವನ್ನು ತಂದಳು. ವಿಡಿಯೋ ಮುಗಿದ ಕೂಡಲೇ ಮುಂಗೈಯಿಂದ ಜಾರಿಸಿ ಖಾಲಿ ಬಿಸ್ಕೀಟಿನ ಡಬ್ಬಿಯಲ್ಲಿ ಇಡುತ್ತಿದ್ದೆ. ತೊಡುವಾಗ ಅಡುಗೆಮನೆಯ ಬಾಗಿಲನ್ನು ಮುಂದಕ್ಕೆ ಮಾಡಿಕೊಳ್ಳುತ್ತಿದ್ದೆ. ಹೊರಗಿನ ಕೋಣೆಯ ಗೋಡೆಗೆ ನಿಮ್ಮ ಅಜ್ಜನ ಫೋಟೋ ಇತ್ತು.

ರೊಟ್ಟಿಯ ಬಡಿತಕ್ಕೆ ಬಳೆಯ ಸದ್ದು ಕೂಡಿದ ಮೇಲೆ ನೋಡುವವರು ಎಷ್ಟೋ ಪಾಲು ಹೆಚ್ಚಿದರು. ಮಸಾಲೆಯವರು, ಹಂಚಿನವರು, ಎಣ್ಣೆಯವರು ಪೆಟ್ಟಿಗೆ ಕಳಿಸತೊಡಗಿದರು. ಮೂರು ವರ್ಷ ಹೀಗೆ ನಡೆಯಿತು. ನಿಮ್ಮವ್ವನನ್ನು ಒಂದು ಸಭೆಗೆ ಕರೆದು ಶಾಲು ಹೊದಿಸಿದರು. ನಾನು ಅಂದು ಮನೆಯಲ್ಲಿ ನಿಮ್ಮನ್ನು ನೋಡಿಕೊಂಡಿದ್ದೆ. ಆಗ ನನಗೇನೂ ಅನಿಸಲಿಲ್ಲ. ನಿಜ ಹೇಳಬೇಕೆಂದರೆ, ಆ ಜನರ ಮುಂದೆ ನಿಲ್ಲುವುದು ತಪ್ಪಿತಲ್ಲ ಎಂದು ಹಗುರಾಗಿದ್ದೆ.

ಆಮೇಲೆ ದುಬೈ ವೀಸಾದ ಮಾತು ಬಂತು. ನಿಮ್ಮಪ್ಪ ನನಗೆ ಹೀಗೆ ತಿಳಿಸಿ ಹೇಳಿದ: "ವಿಡಿಯೋ ಮಾಡೋರಿಗೆ ಅಲ್ಲಿ ಬ್ಯಾರೇನ ವೀಸಾ ಅದ ಅವ್ವಾ. ಕಂಪನಿ ನೌಕರಿ ಬೇಕಾಗಿಲ್ಲ. ನೋಡೋ ಮಂದಿ ಇರಬೇಕು, ಗಳಿಕಿ ತೋರಿಸಬೇಕು, ಮಾಡಿದ ಕೆಲಸ ಸ್ವಂತದ್ದು ಇರಬೇಕು. ಅಷ್ಟಿದ್ರ ವರ್ಷಗಟ್ಟಲೆ ಇರ್ಲಿಕ್ಕೆ ಬಿಡ್ತಾರ. ಗಂಡ, ಮಕ್ಕಳು ಕೂಡೇ ಹೋಗಬಹುದು."

"ಮತ್ತ ಅತ್ತಿ ಹೋಗಬಹುದೇನು?" ಎಂದು ಕೇಳಿದೆ.

"ಅದನ್ನ ಏಜೆಂಟ್ ಬಾಯಾರನ್ನ ಕೇಳಬೇಕು."

ಸ್ವಂತದ್ದು ಇರಬೇಕು ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು. ಯಾರ ಸ್ವಂತದ್ದು ಎಂದು ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಪುಟ್ಟೀ, ನಿನ್ನ ಜಡೆ ನಾನೇ ಹಾಕಬೇಕಿತ್ತು, ನಿಮ್ಮವ್ವ ಹಾಕಿದರೆ ಬಿಗಿಯಾಗುತ್ತದೆಂದು ನೀನು ಅಳುತ್ತಿದ್ದೆ. ಶಾಲೆಗೆ ಹೋಗುವಾಗ ನನ್ನ ಸೊಟ್ಟ ಕಿರಿಬೆರಳನ್ನೇ ಹಿಡಿಯುತ್ತಿದ್ದೆ. ನಾನು ಸಣ್ಣವಳಿದ್ದಾಗ ಜೋಳ ಕೊಯ್ಯುವ ಕುಡುಗೋಲು ತಾಗಿ ಸೊಟ್ಟಾದ ಬೆರಳು ಅದು. ನೀನು ಅದಕ್ಕೆ ಮರಾಠಿಯಲ್ಲಿ "ವಾಕಡಿ ಕರಂಗಳಿ", ಸೊಟ್ಟ ಕಿರಿಬೆರಳು, ಎಂದೇ ಹೆಸರಿಟ್ಟಿದ್ದೆ. ನಿನ್ನ ತಮ್ಮನಿಗೆ ನಾನು ಪಕ್ಕದಲ್ಲಿಲ್ಲದೆ ಊಟ ಇಳಿಯುತ್ತಿರಲಿಲ್ಲ. ನೀವಿಬ್ಬರೂ ಅಲ್ಲಿ, ನಾನು ಇಲ್ಲಿ ಎಂದರೆ ಹೇಗೆ ಎಂಬುದೊಂದೇ ನನಗಿದ್ದ ಚಿಂತೆ.

ಪುಣೆಯ ಕ್ಯಾಂಪಿನಲ್ಲಿ ಎರಡನೆಯ ಮಹಡಿಯ ಮೇಲೆ ವೀಸಾ ಮಾಡಿಸುವ ಏಜೆಂಟ್ ಬಾಯಿಯ ಕಚೇರಿ. ಮರಾಠಿ ಹೆಣ್ಣುಮಗಳು, ನನ್ನ ಮಗಳ ವಯಸ್ಸು. ನನ್ನನ್ನು "ಕಾಕೂ" ಎಂದು ಕರೆದು ಚಹಾ ತರಿಸಿದಳು. ನನಗೆ ಮೂರು ದಾರಿಗಳಿವೆ ಎಂದಳು. ನೋಡಲು ಬಂದವಳಾಗಿ ಹೋಗಿ ಕೆಲವು ವಾರಕ್ಕೆ ತಿರುಗಿ ಬರುವುದು ಒಂದು. ಮನೆಗೆಲಸದವಳೆಂದು ಕರೆದುಕೊಂಡು ಹೋಗುವುದು ಇನ್ನೊಂದು, ಆದರೆ ಸ್ವಂತ ಸಂಬಂಧಿಕರನ್ನು ಹಾಗೆ ಒಯ್ಯಲು ಬರುವುದಿಲ್ಲ. ಅದನ್ನು ಹೇಳುವಾಗ ಆಕೆ ನಕ್ಕಳು, ನಿಮ್ಮವ್ವನೂ ನಕ್ಕಳು. ಮೂರನೆಯದು, ಮಗನನ್ನೇ ನಂಬಿಕೊಂಡ ತಾಯಿ, ಬೇರೆ ಆಸರೆ ಇಲ್ಲ ಎಂದು ತೋರಿಸುವುದು. ನನಗೆ ಮಗಳೂ ಇದ್ದಾಳೆ ಎಂದೆ. ಮದುವೆಯಾದ ಮಗಳು ಲೆಕ್ಕಕ್ಕೆ ಬರುವುದಿಲ್ಲ ಕಾಕೂ ಎಂದಳು. ಆ ಲೆಕ್ಕಕ್ಕೆ ಬಾರದ ಮಗಳ ಮನೆಯಲ್ಲೇ ಈಗ ನನ್ನ ಊಟ.

ನನ್ನ ಹೇಳಿಕೆಯನ್ನು ನನ್ನ ಭಾಷೆಯಲ್ಲಿ, ನನ್ನ ಕೈಯಿಂದಲೇ ಬರೆದುಕೊಡಬೇಕೆಂದಳು. ಹಾಗೆ ಬರೆದದ್ದಕ್ಕೆ ತೂಕ ಹೆಚ್ಚಂತೆ. ಎರಡು ದಿನ ಕೂತು ಬರೆದೆ. ಶಾಲೆ ಬಿಟ್ಟ ಮೇಲೆ ಅಷ್ಟುದ್ದ ಬರೆದದ್ದು ಅದೇ ಮೊದಲು. ಅಕ್ಷರ ದುಂಡಗೆ ಬಂತೆಂದು ಸಂತೋಷವೂ ಆಗಿತ್ತು. ಎಲ್ಲಿಯವಳು, ಯಾವಾಗ ಬಂದೆ, ಮನೆ ಹೇಗೆ ನಡೆಯುತ್ತದೆ ಎಲ್ಲ ಬರೆದು, ನಡುವೆ ಹೀಗೆ ಬರೆದೆ: "ನಮ್ಮ ಮನೆಯವರು ಹೋದರು. ಅಂದು ನನ್ನ ಬಳೆ ಹೆಚ್ಚಿದವು. ಅಂದಿನಿಂದ ನನಗೆ ಮಗನೇ ಆಸರೆ."

ನೀವು ಪುಣೆಯಲ್ಲಿ ಇಂಗ್ಲಿಷ್ ಶಾಲೆಗೆ ಹೋದವರು, ನಿಮಗಿದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಗಂಡ ಸತ್ತ ಎಂದು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ, ಹೋದರು ಎನ್ನುತ್ತಾಳೆ. ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಇಲ್ಲವಾದದ್ದನ್ನು ಇಲ್ಲ ಎನ್ನಬಾರದೆಂದು ಹಾಗೆ. ನನ್ನ ಅವ್ವ ಹಾಗೆ ಅನ್ನುತ್ತಿದ್ದಳು, ಅವಳ ಅವ್ವನೂ ಅನ್ನುತ್ತಿದ್ದಳು. ನಾನು ಬೇರೆ ಹೇಗೆ ಬರೆಯಲಿ?

ಕಚೇರಿಯಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ನನ್ನ ಕಾಗದಕ್ಕೆ ಫೋನು ಹಿಡಿದರು, ಫೋನೇ ಇಂಗ್ಲಿಷ್ ಮಾಡಿತು. ನಿಮ್ಮಪ್ಪ ಅದನ್ನು ಓದಿ ನೋಡಲಿಲ್ಲ. ನಿಮ್ಮವ್ವನೂ ನೋಡಲಿಲ್ಲ. ಅವಳ ಅರ್ಜಿಯ ಜೊತೆಗೇ ನನ್ನದೂ ಹೋಯಿತು.

ಕೆಲವು ವಾರಗಳ ಮೇಲೆ ಏಜೆಂಟ್ ಬಾಯಿ ಎಲ್ಲರನ್ನೂ ಕರೆಸಿದಳು. ದುಬೈಯಿಂದ ಪ್ರಶ್ನೆಗಳು ಬಂದಿದ್ದವು. ಆಕೆ ಓದಿ ಮರಾಠಿಯಲ್ಲಿ ಹೇಳಿದಳು. ಗಂಡ ಮನೆಬಿಟ್ಟು ಹೋದ ದಿನ ತನ್ನ ಬಳೆಗಳು ಜಾಸ್ತಿಯಾದವು ಎಂದು ತಾಯಿ ಬರೆದಿದ್ದಾಳೆ. ಮರಣದ ದಾಖಲೆಗೂ ಈ ಮಾತಿಗೂ ಹೊಂದುವುದಿಲ್ಲ. ಆ ಬಳೆಗಳು ಎಲ್ಲಿಂದ ಬಂದವು? ಸೊಸೆಯ ವಿಡಿಯೋಗಳಲ್ಲಿ ಕಾಣುವ ಬಳೆಯ ಕೈಗಳು ಈ ತಾಯಿಯವೇ? ಹೌದಾದರೆ ಕೆಲಸ ಯಾರದು?

ನಿಮ್ಮಪ್ಪ ನನ್ನ ಕಡೆ ತಿರುಗಿದ. "ಏನ್ ಬರದೀಯವ್ವಾ ನೀ?"

ನಾನು ಬರೆದದ್ದನ್ನು ಮೆಲ್ಲಗೆ ಹೇಳಿದೆ. ಅವನು ಮರಾಠಿಯಲ್ಲಿ ಹೇಳಹೋಗಿ ತಡವರಿಸಿದ. ಅಷ್ಟರಲ್ಲಿ ಏಜೆಂಟ್ ಬಾಯಿ ಹಣೆ ಬಡಿದುಕೊಂಡಳು. "ಅಗಬಾಯಿ! ಬಾಂಗಡ್ಯಾ ವಾಢವಲ್ಯಾ! ಕಾಕೂ, ಆಮ್ಹೀಪಣ ತಸಂಚ ಮ್ಹಣತೋ!" ನಾವೂ ಹಾಗೇ ಅನ್ನುತ್ತೇವೆ ಎಂದು. ಮರಾಠಿಯಲ್ಲೂ ಬಳೆ ಒಡೆಯುವುದಿಲ್ಲ, ಬೆಳೆಯುತ್ತದೆ. ಆ ಒಂದು ಗಳಿಗೆ ನನಗೆ ಆಕೆಯ ಮೇಲೆ ಬಹಳ ಪ್ರೀತಿ ಬಂತು. ಮೂವತ್ತು ವರ್ಷ ಹೆದರಿಕೊಂಡಿದ್ದ ಭಾಷೆಯಲ್ಲಿ ನನ್ನದೇ ಮಾತು ಇತ್ತು.

ಆಮೇಲೆ ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೆಲಸಕ್ಕೆ ಕೂತಳು. ಗಂಡನ ಮಾತು, ಬಳೆಯ ಮಾತು ಸರಿಮಾಡುವುದು ಸುಲಭ ಎಂದಳು. ಕೈಯ ಮಾತೇ ಕಷ್ಟ. ಆಸರೆಗೆಂದು ಹೋಗುವ ತಾಯಿ ಅಲ್ಲಿ ಕೆಲಸ ಮಾಡುವಂತಿಲ್ಲ. ಸೊಸೆಯ ವೀಸಾ ನಿಂತದ್ದೇ ಕೆಲಸ ಅವಳ ಸ್ವಂತದ್ದು ಎಂಬುದರ ಮೇಲೆ. ಮೊದಲನೆಯ ಅರ್ಜಿಯಲ್ಲೇ ಹಾಗೆ ಬರೆದಾಗಿದೆ: ವಿಡಿಯೋದಲ್ಲಿ ಅಡುಗೆ ಮಾಡುವವಳು, ಕೈ ಕಾಣಿಸುವವಳು, ಮಾತಾಡುವವಳು ಎಲ್ಲ ಒಬ್ಬಳೇ.

ನಾನು ನಿಮ್ಮವ್ವನ ಮುಖ ನೋಡಿದೆ. ಅವಳು ತನ್ನ ಫೋನಿನ ಮೇಲಿನ ಗೆರೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ನಾ ಪಗಾರ ತಗೊಂಡಿಲ್ಲಲ್ಲ" ಎಂದೆ. "ಪಗಾರ ಇಲ್ಲದ್ದು ಕೆಲಸ ಹ್ಯಾಂಗ ಆಗ್ತದ? ಮನ್ಯಾಗ ರೊಟ್ಟಿ ಮಾಡೀನಿ ಅಂತ ಬರೀರಿ."

"ಅತ್ತೀ, ಹಂಗ ಬರದ್ರ ನಾ ಸುಳ್ಳ ಹೇಳಿದಂಗ ಆಗ್ತದ್ರಿ."

ಅವಳು ಸುಳ್ಳು ಹೇಳಿಯಾಗಿತ್ತು. ಅದನ್ನು ಅಂದುಬಿಡಬೇಕಿತ್ತು. ಆದರೆ ಎದುರಿಗೆ ಹೊರಗಿನ ಹೆಣ್ಣುಮಗಳು ಕೂತಿದ್ದಳು, ನಾಲಿಗೆ ಏಳಲಿಲ್ಲ.

ದಾರಿ ಏಜೆಂಟ್ ಬಾಯಿಗೇ ಹೊಳೆಯಿತು. ಬಳೆಯ ಮಾತು ತಿಳಿದವಳಲ್ಲವೇ! ನನ್ನ ಹೆಸರಿನಲ್ಲಿ ಹೀಗೆ ಬರೆಸಿದಳು: ನಾನು ವಿಧವೆ. ನಮ್ಮ ಸಮಾಜದ ಪದ್ಧತಿಯಂತೆ ವಿಧವೆ ಹಸಿರು ಗಾಜಿನ ಬಳೆ ತೊಡುವುದಿಲ್ಲ. ಗಂಡ ತೀರಿಕೊಂಡ ದಿನ ನನ್ನ ಬಳೆಗಳನ್ನು ಒಡೆಯಲಾಯಿತು. ಅಂದಿನಿಂದ ನಾನು ಎಂದೂ ತೊಟ್ಟಿಲ್ಲ. ವಿಡಿಯೋದ ಕೈಗಳಲ್ಲಿ ಹಸಿರು ಬಳೆಗಳಿವೆ. ಆದ್ದರಿಂದ ಆ ಕೈಗಳು ನನ್ನವಲ್ಲ.

ಬರೆದದ್ದನ್ನು ನನಗೆ ಮರಾಠಿಯಲ್ಲಿ ಓದಿ ಹೇಳಿ, ಮೆಚ್ಚುಗೆಗೆ ಕಾದವಳ ಹಾಗೆ ಎಲ್ಲರ ಮುಖ ನೋಡಿದಳು. ನಿಮ್ಮಪ್ಪ "ಪರಫೆಕ್ಟ್" ಎಂದ. ಯಾವ ಬಳೆಗಳನ್ನು ಒಲ್ಲೆ ಒಲ್ಲೆ ಎಂದವಳಿಗೆ ತೊಡಿಸಿದ್ದರೋ, ಯಾವುದಕ್ಕಾಗಿ ಮೂರು ವರ್ಷ ಬಾಗಿಲು ಮುಂದಕ್ಕೆ ಮಾಡಿಕೊಂಡು ನಿಮ್ಮ ಅಜ್ಜನಿಂದ ಕಣ್ಣು ತಪ್ಪಿಸಿದ್ದೆನೋ, ಅವೇ ಬಳೆಗಳು ಈಗ ನಾನು ಅಲ್ಲಿ ಇರಲೇ ಇಲ್ಲ ಎಂಬುದಕ್ಕೆ ಸಾಕ್ಷಿ.

"ಅವ್ವಾ, ಒಂದ ಸಹಿ. ನೀ ಮಾಡ್ಲಿಲ್ಲಂದ್ರ ನಿಂದಷ್ಟ ಅಲ್ಲ, ಎಲ್ಲಾರದೂ ನಿಲ್ತದ" ಎಂದ ನಿಮ್ಮಪ್ಪ. ಆಗಲೇ ನಿಮ್ಮ ಶಾಲೆಯ ದಾಖಲೆ ತೆಗೆಸಿಯಾಗಿತ್ತು. ಭೋಸರಿಯ ಮನೆಗೆ ಬಾಡಿಗೆಯವರು ಬಂದು ನೋಡಿ ಹೋಗಿದ್ದರು. ಕೆಳಗಿನ ಮಹಡಿಯ ನೋಟರಿಯ ಮುಂದೆ ಸಹಿ ಮಾಡಿದೆ. ದುಂಡಗಿನ ಕನ್ನಡ ಸಹಿ. ಯಾವ ಕೈಯಿಂದ ಮಾಡಿದೆ ಎಂದು ನೋಟರಿ ಕೇಳಲಿಲ್ಲ.

ಮರುದಿನ ಮುಂಜಾನೆ ನಿಮ್ಮವ್ವ ಎಂದಿನಂತೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬಿಸ್ಕೀಟಿನ ಡಬ್ಬಿ ತಂದು ಕಟ್ಟೆಯ ಮೇಲೆ ಇಟ್ಟಳು.

"ಇವತ್ತ ಸಜ್ಜಿ ರೊಟ್ಟಿ ಮಾಡೋಣ್ರಿ ಅತ್ತಿ."

"ನಾ ಸಹಿ ಮಾಡೀನಲ್ಲವ್ವಾ, ಕೈ ನಂದಲ್ಲ ಅಂತ."

"ಅದು ಕಾಗದದ ಮ್ಯಾಲ್ರಿ. ಇಲ್ಲೇನ್ ಬದಲಾಗೂದಿಲ್ಲ. ಅಲ್ಲಿ ಹೋದ ಮ್ಯಾಲೂ ಬದಲಾಗೂದಿಲ್ಲ. ಬಾಗಿಲಾ ಹಾಕ್ಕೊಂಡ ಮಾಡಿದ್ರಾತು."

ಬಾಗಿಲು ಹಾಕಿಕೊಂಡು. ನಾನು ಡಬ್ಬಿ ತೆರೆಯಲಿಲ್ಲ. ಬೋಳು ಕೈಯಿಂದಲೇ ನಿಮ್ಮಿಬ್ಬರಿಗೆ ರೊಟ್ಟಿ ಮಾಡಿಕೊಟ್ಟೆ. ಅವಳು ಫೋನು ತೆಗೆದುಕೊಂಡು ಹೊರಗೆ ಹೋದಳು. ಎರಡನೆಯ ದಿನವೂ ಹಾಗೇ, ಮೂರನೆಯ ದಿನವೂ ಹಾಗೇ. ನಾಲ್ಕನೆಯ ದಿನ ನಿಮ್ಮಪ್ಪ ಕೂರಿಸಿಕೊಂಡು ಕೇಳಿದ. ನಾನು ಅಂದೆ, ಬರ್ತೀನಿ, ಹುಡುಗರನ್ನ ನೋಡಿಕೋತೀನಿ, ಮನಿಗೆಲ್ಲಾ ಅಡಗಿ ಮಾಡ್ತೀನಿ, ಆದ್ರ ಆ ಬಳಿ ಇನ್ನ ಹಾಕ್ಕೊಳ್ಳೂದಿಲ್ಲ, ವಿಡಿಯೋದಾಗ ಕೈ ಇಡೂದಿಲ್ಲ. ಎಂದೂ ತೊಟ್ಟಿಲ್ಲ ಅಂತ ಬರಕೊಟ್ಟೀನಿ, ಇನ್ನ ಮುಂದರ ಅದು ಖರೇ ಆಗ್ಲಿ.

ಅವನು ಅಂದ: "ಹಂಗಾದ್ರ ನಿನ್ನ ಖರ್ಚ ಹಾಕಿ ಒಯ್ದು ಏನ್ ಮಾಡೂದವ್ವಾ?"

ಅಂದ ಮೇಲೆ ಅವನಿಗೇ ತಿಳಿಯಿತು. "ಹಂಗಲ್ಲ, ಹಂಗಲ್ಲ" ಎಂದು ಏನೇನೋ ಹೇಳಿದ. ನಾನು ಕಾದೆ. ಅಜ್ಜಿ ಇಲ್ಲದೆ ಹುಡುಗರು ಹೇಗಿರುತ್ತಾರೆ ಎಂದು ಇಬ್ಬರಲ್ಲಿ ಒಬ್ಬರಾದರೂ ಅನ್ನಬಹುದೆಂದು ಕಾದೆ. ಅಡುಗೆಮನೆಯಲ್ಲಿದ್ದ ನಿಮ್ಮವ್ವನಿಗೆ ಎಲ್ಲ ಕೇಳಿಸುತ್ತಿತ್ತು. ಅಲ್ಲಿ ನಲ್ಲಿಯ ನೀರು ಬೀಳುವ ಸದ್ದೊಂದೇ ಇತ್ತು.

"ನನ್ನ ಅರ್ಜಿ ವಾಪಸ ತಗೋ" ಎಂದು ನಾನೇ ಹೇಳಿದೆ. ಇದನ್ನೇ ನಿಮಗೆ ಅಜ್ಜಿಗೆ ಮನಸ್ಸಿಲ್ಲ ಎಂದು ಹೇಳಿದ್ದು. ನನ್ನದು ಹಟ ಎಂದು ನೀವು ಮುಂದೆ ಅಂದುಕೊಂಡರೆ ಅಲ್ಲ ಎನ್ನಲಾರೆ. ಎರಡು ಡಜನ್ ಗಾಜಿನ ಬಳೆಗಾಗಿ ನಿಮ್ಮನ್ನು ಬಿಟ್ಟೆನೇ ಎಂದು ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೂರು ವರ್ಷ ತೊಟ್ಟವಳು ಇನ್ನು ನಾಲ್ಕು ವರ್ಷ ತೊಟ್ಟಿದ್ದರೆ ಏನಾಗುತ್ತಿತ್ತು? ನಿನ್ನ ಜಡೆ ದಿನಾ ನನ್ನ ಕೈಯಲ್ಲಿರುತ್ತಿತ್ತು. ಆದರೆ ಆ ನಲ್ಲಿಯ ಸದ್ದು ನೆನಪಾದಾಗ ಮತ್ತೆ ಅದೇ ಮಾತನ್ನೇ ಹೇಳಿಯೇನು ಅನಿಸುತ್ತದೆ.

ಇನ್ನೊಂದು ಮಾತು ಹೆಚ್ಚು ಕುಟುಕುತ್ತದೆ. ಮುಖ ಬೇಡ ಎಂದವಳು ನಾನು. ಒಂದು ದಿನ ತಲೆಯೆತ್ತಿ ಆ ಫೋನಿನ ಕಡೆ ನೋಡಿದ್ದರೆ ಸಾಕಿತ್ತು. ಆ ಕೈಗಳನ್ನು ಯಾರೂ ತಮ್ಮವೆಂದು ಬರೆಯಲಾಗುತ್ತಿರಲಿಲ್ಲ. ಪುಟ್ಟೀ, ನಿನಗೂ ನನ್ನ ಹಾಗೆ ತಲೆ ತಗ್ಗಿಸುವ ಚಾಳಿ ಇದೆ. ಬಿಟ್ಟುಬಿಡು.

ನಿಮ್ಮ ನಾಲ್ವರ ವೀಸಾ ಬಂತು. ನೀವು ಹೋದಿರಿ. ಬಿಸ್ಕೀಟಿನ ಡಬ್ಬಿಯನ್ನು ನಿಮ್ಮವ್ವ ಒಯ್ದಳು. ಈಗ ಅಲ್ಲಿಂದ ಬರುವ ವಿಡಿಯೋಗಳನ್ನು ನಿಮ್ಮ ಸೋದರತ್ತೆ ನನಗೆ ತೋರಿಸುತ್ತಾಳೆ. ರೊಟ್ಟಿಯನ್ನು ಲಟ್ಟಿಸುತ್ತಾರೆ, ಬಡಿಯುವುದಿಲ್ಲ. ಬಳೆಗಳು ದೊಡ್ಡ ಅಳತೆಯವು, ನಿಮ್ಮವ್ವನ ಸಣ್ಣ ಕೈಯಲ್ಲಿ ಮೊಣಕೈವರೆಗೆ ಜಾರುತ್ತವೆ. ಅವಳೂ ಕಷ್ಟಪಡುತ್ತಾಳೆ, ಅದು ಕಾಣುತ್ತದೆ. ನೋಡುವವರಿಗೆ ಹೊಸದು ಸೇರುತ್ತಿಲ್ಲವಂತೆ, ಹಾಗಾಗಿ ನಡುನಡುವೆ ಹಳೆಯ ವಿಡಿಯೋಗಳನ್ನೇ ಮತ್ತೆ ಹಾಕುತ್ತಾಳೆ. ವೀಸಾ ಮತ್ತೆ ಮಾಡಿಸುವಾಗ ನೋಡುವ ಮಂದಿಯನ್ನು ತೋರಿಸಬೇಕಲ್ಲ.

ಹೋದ ಭಾನುವಾರ, ಪುಟ್ಟೀ, ನೀನು ಫೋನು ಮಾಡಿದ್ದೆ. ಅಂಥದ್ದೇ ಒಂದು ಹಳೆಯ ವಿಡಿಯೋ ನೋಡುತ್ತಿದ್ದೆಯಂತೆ.

"ಅಜ್ಜಿ, ಈ ರೊಟ್ಟಿ ಮಾಡೋ ಕೈ ನಿಂದ ಅಲ್ಲಾ?"

"ಅಲ್ಲವ್ವಾ ಬಂಗಾರಿ. ನಿಮ್ಮ ಮಮ್ಮೀದು."

ನೀನು ದನಿ ಸಣ್ಣದು ಮಾಡಿ ಅಂದೆ: "ಮಮ್ಮೀ ಕರಂಗಳಿ ನೆಟ್ಟಗ ಅದ, ಅಜ್ಜಿ."

ಹಿಂದಿನಿಂದ ನಿಮ್ಮವ್ವ ಯಾರದು ಫೋನು ಎಂದು ಕೇಳಿದ್ದು ಕೇಳಿಸಿತು, ನೀನು ಇಟ್ಟುಬಿಟ್ಟೆ. ಆ ಮಧ್ಯಾಹ್ನವೇ ನಿಮ್ಮ ಅತ್ತೆಯಿಂದ ಬರೆಯಲು ಈ ವಹಿ ಕೇಳಿ ತೆಗೆದುಕೊಂಡೆ.

ಕೈ ನನ್ನದು. ಬಳೆ ತೊಟ್ಟದ್ದೂ ನಿಜ. ನೀವು ದೊಡ್ಡವರಾಗುವವರೆಗೆ ಈ ವಹಿ ನಿಮ್ಮ ಅತ್ತೆಯ ಕಪಾಟಿನಲ್ಲಿ ಇರುತ್ತದೆ. ಓದಿದ ಮೇಲೆ ನಿಮ್ಮವ್ವನಿಗೆ ತೋರಿಸುವುದು ಬಿಡುವುದು ನಿಮ್ಮ ಇಷ್ಟ. ಯಾವ ಕಚೇರಿಗೂ ಮಾತ್ರ ತೋರಿಸಬೇಡಿ. ಇದನ್ನು ಫೋನಿನಿಂದ ಇಂಗ್ಲಿಷ್ ಮಾಡಿಸಬೇಡಿ.